ಓರಗಿತ್ತಿಯ ಮಂಡಿ ವಾಸಿ ಮಾಡಿಸಿದ್ದು

ನನ್ನ ಓರಗಿತ್ತಿಗೆ ಮಂಡಿನೋವು ಬಂದದ್ದು ನಮ್ಮ ಅತ್ತೆ ತೀರಿಕೊಂಡ ವಾರದಲ್ಲಿ. ಅದಕ್ಕೆ ಮುಂಚೆ ಅವಳ ಮಂಡಿಗೆ ಏನೂ ಆಗಿರಲಿಲ್ಲ. ಅತ್ತೆಯ ಕೋಣೆ ಖಾಲಿಯಾಯಿತು, ಇವಳಿಗೆ ನೋವು ಶುರುವಾಯಿತು. ಇಷ್ಟು ಹೇಳಿದರೆ ತಲೆ ನೆಟ್ಟಗಿರುವ ಯಾರಿಗಾದರೂ ಅರ್ಥವಾಗಬೇಕು. ನಮ್ಮ ಮನೆಯ ಗಂಡಸರಿಗೆ ಆಗಲಿಲ್ಲ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ರಸ್ತೆಗೆ ಮುಖ ಮಾಡಿ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜುಗಳು, ಅದರ ಹಿಂದೆ ಒಗೆಯುವ ಯಂತ್ರಗಳು. ಪಕ್ಕದಲ್ಲಿ ಅತ್ತೆಯ ಕೋಣೆ, ಕೋಣೆಗೆ ಅಂಟಿಕೊಂಡೇ ಬಚ್ಚಲು. ಮೊದಲ ಮಹಡಿ ಭಾವನದು, ಎರಡನೆಯದು ನಮ್ಮದು, ಅದರ ಮೇಲೆ ಬಟ್ಟೆ ಒಣಹಾಕುವ ತಾರಸಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ತಿರುವಿನಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಸಾಮಾನ್ಯವಾಗಿ ಅಂಟಿಕೊಳ್ಳುತ್ತಿದ್ದವಳು ನಾನೇ.

ಭಾವ ಅಂದರೆ ನನ್ನ ಗಂಡನ ಅಣ್ಣ. ಅಂಗಡಿಯ ಯಜಮಾನಿಕೆ ಅವರದು, ಇಸ್ತ್ರಿ ನನ್ನ ಗಂಡನದು. ಕೌಂಟರಿನ ಕುರ್ಚಿ ನನ್ನ ಓರಗಿತ್ತಿಯದು, ಗಿರಾಕಿಗಳಿಗೆ ನಗುವುದೂ ಬಟ್ಟೆಗೆ ಚೀಟಿ ಸಿಕ್ಕಿಸುವುದೂ ಅವಳ ಕೆಲಸ. ತಾರಸಿಯ ಕೆಲಸ ನನ್ನದು. ಹೋಟೆಲಿನ ಪರದೆ, ಆಸ್ಪತ್ರೆಯ ಹಾಸು, ಕಲ್ಯಾಣಮಂಟಪದ ಮೇಜುಬಟ್ಟೆ, ಎಲ್ಲವನ್ನೂ ಒದ್ದೆಯಿರುವಾಗಲೇ ಬುಟ್ಟಿಗೆ ತುಂಬಿ ಸೊಂಟದ ಮೇಲಿಟ್ಟು ಮೇಲೆ ಒಯ್ಯಬೇಕು. ಒದ್ದೆ ಪರದೆಯ ತೂಕ ಹೊತ್ತವರಿಗೇ ಗೊತ್ತು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಹೊತ್ತು ಹೊತ್ತು ನನ್ನ ಮಂಡಿಗಳು ಸವೆದುಹೋದವು. ಹತ್ತುವಾಗ ಹೇಗೋ ಆಗುತ್ತಿತ್ತು. ಇಳಿಯುವಾಗ ಮಾತ್ರ ಪ್ರಾಣ ಬಾಯಿಗೆ ಬರುತ್ತಿತ್ತು. ಕೊನೆಗೆ ಕಂಬಿ ಹಿಡಿದು, ಏಣಿ ಇಳಿದ ಹಾಗೆ ಹಿಂದುಹಿಂದಾಗಿ ಇಳಿಯುವುದನ್ನು ಕಲಿತೆ.

ಅತ್ತೆ ಹಾಸಿಗೆ ಹಿಡಿದಾಗ ಅವರ ಮೈ ಒರೆಸಿದವಳು, ಮಗ್ಗುಲು ಬದಲಿಸಿದವಳು ನಾನು. ಓರಗಿತ್ತಿ ಬಾಗಿಲಲ್ಲಿ ನಿಂತು ಮೂಗಿಗೆ ಬಟ್ಟೆ ಹಿಡಿದುಕೊಂಡು "ಅತ್ತೇ, ಹೇಗಿದ್ದೀರಾ?" ಎಂದು ಕೇಳಿ ಹೋಗುತ್ತಿದ್ದಳು. ಅತ್ತೆ ಜಗಳಗಂಟಿ, ಆದರೆ ಕಣ್ಣು ಕುರುಡಾಗಿರಲಿಲ್ಲ. ಒಂದು ದಿನ ಎಲ್ಲರನ್ನೂ ಕರೆದು ಹೇಳಿದರು: "ನನ್ನ ನಂತರ ಈ ಕೋಣೆ ಚಿಕ್ಕವಳಿಗೆ. ಅವಳ ಕಾಲು ಹೋಗಿದೆ. ಯಾರೂ ತಕರಾರು ಮಾಡಬೇಡಿ."

ಯಾರೂ ತಕರಾರು ಮಾಡಲಿಲ್ಲ. ಓರಗಿತ್ತಿ ಕುಂಟಲು ಶುರುಮಾಡಿದಳು, ಅಷ್ಟೆ. "ಅಯ್ಯಯ್ಯೋ, ನನ್ನ ಮಂಡಿ! ರೀ, ಮೆಟ್ಟಿಲು ಹತ್ತಕ್ಕಾಗ್ತಿಲ್ಲ ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಳು. ಭಾವ ಹೆಂಡತಿ ಕೆಮ್ಮಿದರೆ ತಾವು ಔಷಧಿ ಕುಡಿಯುವ ಜಾತಿ. ಮಾರನೆಯ ಬೆಳಗ್ಗೆ ನನ್ನನ್ನು ಕರೆದು, "ಅಮ್ಮ ಹೇಳಿದ್ದು ಕಾಲು ಹೋದವರಿಗೆ ಕೋಣೆ ಅಂತ. ಈಗ ಇವಳದ್ದು ನಿನಗಿಂತ ಹೆಚ್ಚು ಹೋಗಿದೆಯಲ್ಲಮ್ಮ. ಯಾರ ನೋವು ದೊಡ್ಡದೋ ಅವರು ಕೆಳಗಿರಲಿ" ಎಂದರು. ಸಂಜೆಗೆ ಅವಳ ಮಂಚ ಕೆಳಗೆ ಬಂತು. ಆ ಮಂಚದ ಒಂದು ತುದಿ ಹಿಡಿದು ಇಳಿಸಿದವಳೂ ನಾನೇ. ಆವತ್ತು ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಮೂರು ವರ್ಷ ಆರಲಿಲ್ಲ.

ಅವಳದು ನಾಟಕವೆಂದು ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಾ? ಒಂದು ಸಲ ಒಬ್ಬ ಗಿರಾಕಿ ಕೌಂಟರಿನ ಮೇಲೆ ಫೋನು ಮರೆತುಹೋದ. ಇವಳು ಅದನ್ನು ಹಿಡಿದುಕೊಂಡು ಅವನ ಹಿಂದೆ ಬೀದಿಯ ತುದಿವರೆಗೆ ಓಡಿದಳು, ಮೊಲದ ಹಾಗೆ. ನಾನು ತಾರಸಿಯಿಂದ ಕಣ್ಣಾರೆ ನೋಡಿದೆ. ಫೋನು ಕೊಟ್ಟು ವಾಪಸು ಬರುವಾಗ ಅರ್ಧ ದಾರಿಯಲ್ಲಿ ಜ್ಞಾಪಕ ಬಂದು ಕುಂಟತೊಡಗಿದಳು. ಅದೂ ಎಡಗಾಲು. ಬೆಳಗ್ಗೆ ಬಲಗಾಲಾಗಿತ್ತು.

ಗಂಡನಿಗೆ ಹೇಳಿದೆ. ಅವನು ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತದೆ, "ಬಿಡೇ, ಮನೆ ಅಂದಮೇಲೆ ಇದ್ದದ್ದೇ" ಎಂದ. ನನ್ನ ಗಂಡ ಹುಟ್ಟಿದಾಗ ಅತ್ತ ನಂತರ ಯಾವುದಕ್ಕೂ ಸದ್ದು ಮಾಡಿಲ್ಲವೆಂದು ಅತ್ತೆಯೇ ಹೇಳುತ್ತಿದ್ದರು. ಭಾವನ ಹತ್ತಿರ ಹೇಳಿದರೆ ಹೊಟ್ಟೆಕಿಚ್ಚಿನವಳು ಎನ್ನಿಸಿಕೊಳ್ಳಬೇಕು. ನಾನು ಬಾಯಿ ಮುಚ್ಚಿಕೊಂಡು ಬುಟ್ಟಿ ಹೊತ್ತೆ. ಆದರೆ ಒಂದೊಂದು ಮೆಟ್ಟಿಲು ಇಳಿಯುವಾಗಲೂ ಮನಸ್ಸಿನಲ್ಲಿ ಅವಳಿಗೆ ಒಂದೊಂದು ಬೈಗುಳ ಹಾಕುತ್ತಿದ್ದೆ. ಬೈಗುಳ ಮುಗಿಯುತ್ತಿದ್ದವು, ಮೆಟ್ಟಿಲು ಮುಗಿಯುತ್ತಿರಲಿಲ್ಲ.

ನಮ್ಮ ಬೀದಿಯಲ್ಲೇ ಮಂಡಿ ಡಾಕ್ಟರ ಕ್ಲಿನಿಕ್ಕಿದೆ. ಅವರ ಬಿಳಿ ಕೋಟುಗಳನ್ನು ಒಗೆಯುವವರು ನಾವು. ಒಂದು ದಿನ ಕೋಟು ಕೊಟ್ಟು ಹೊರಗೆ ಬರುವಾಗ, ಕ್ಲಿನಿಕ್ಕಿನ ಮುಂದಿನ ಮೂರು ಮೆಟ್ಟಿಲನ್ನು ನಾನು ನನ್ನ ರೀತಿಯಲ್ಲಿ ಇಳಿಯುವುದನ್ನು ಅವರು ನೋಡಿಬಿಟ್ಟರು.

"ಯಾಕಮ್ಮ ಹಿಂದೆ ಹಿಂದೆ ಇಳೀತೀರಿ?"

"ಮುಂದೆ ಇಳಿದ್ರೆ ಮಂಡಿ ಬಯ್ಯುತ್ತೆ ಡಾಕ್ಟ್ರೇ."

ಒಳಗೆ ಕರೆದು ಕೂರಿಸಿದರು. ಮಂಡಿ ಮಡಿಸಿ, ಬಿಡಿಸಿ, ಒತ್ತಿ ನೋಡಿದರು. ಇಂಜೆಕ್ಷನ್ನಿನ ಒಂದು ಚಿಕಿತ್ಸೆ ಇದೆ, ಯೋಚನೆ ಮಾಡಿ ಎಂದರು. "ನಿಮ್ಮ ರಕ್ತಾನೇ ಸ್ವಲ್ಪ ತೆಗೆದು ಯಂತ್ರದಲ್ಲಿಟ್ಟು ಗರಗರ ತಿರುಗಿಸ್ತೀವಿ. ಕೆಂಪೆಲ್ಲ ಕೆಳಗೆ ಕೂರುತ್ತೆ, ಮೇಲೆ ಹಳದಿ ತಿಳಿ ನಿಲ್ಲುತ್ತೆ. ಗಾಯ ಮಾಗಿಸೋ ಕಣಗಳು ಆ ತಿಳಿಯಲ್ಲಿರ್ತವೆ. ಅದನ್ನ ಮಂಡಿಯೊಳಕ್ಕೆ ಚುಚ್ತೀವಿ."

"ಸವೆದಿದ್ದು ಮತ್ತೆ ಬೆಳೆಯುತ್ತಾ?"

"ಬೆಳೆಯುತ್ತೆ ಅಂತ ಹೇಳೋರು ಇದ್ದಾರೆ. ನಾನು ಹೇಳಲ್ಲ. ಕೆಲವರಿಗೆ ನೋವು ಕಮ್ಮಿಯಾಗುತ್ತೆ, ಕೆಲವರಿಗೆ ಏನೂ ಆಗಲ್ಲ. ಹಾಕಿದ ಮೇಲೆ ಮೊದಲು ಕೆಲವು ದಿನ ಮಾತ್ರ ಊದ್ಕೊಂಡು ಚೆನ್ನಾಗೇ ನೋಯುತ್ತೆ. ಆಗ ಊತ ಇಳಿಸೋ ನೋವಿನ ಮಾತ್ರೆ ನುಂಗೋ ಹಾಗಿಲ್ಲ. ನುಂಗಿದ್ರೆ ಮಾಡಿದ ಕೆಲಸ ಕೆಡುತ್ತೆ."

ಚೆನ್ನಾಗೇ ನೋಯುತ್ತೆ. ಮಾತ್ರೆ ನುಂಗೋ ಹಾಗಿಲ್ಲ. ಡಾಕ್ಟರು ಇನ್ನೂ ಏನೇನೋ ಹೇಳಿದರು, ನನ್ನ ಕಿವಿಗೆ ಬಿದ್ದದ್ದು ಇವೆರಡೇ ಮಾತು. ನನ್ನ ಮಂಡಿಯ ಯೋಚನೆ ಅಲ್ಲೇ ಹಾರಿಹೋಯಿತು. ಕಣ್ಣ ಮುಂದೆ ಓರಗಿತ್ತಿಯ ದುಂಡನೆಯ, ಏನೂ ಆಗದ, ಬೆಣ್ಣೆಯಂಥ ಮಂಡಿ ಬಂದು ನಿಂತಿತು. ಕ್ಲಿನಿಕ್ಕಿನಿಂದ ಅಂಗಡಿವರೆಗೆ ಹೇಗೆ ಬಂದೆನೋ ಗೊತ್ತಿಲ್ಲ, ನೋವಂತೂ ನೆನಪಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಾತು ತೆಗೆದೆ. ದನಿಗೆ ಎಷ್ಟು ಸಾಧ್ಯವೋ ಅಷ್ಟು ಸಕ್ಕರೆ ಬೆರೆಸಿದೆ.

"ಭಾವಾ, ಅಕ್ಕನ ಮಂಡಿಗೆ ಒಳ್ಳೇ ಚಿಕಿತ್ಸೆ ಬಂದಿದೆಯಂತೆ. ನಮ್ಮ ಬೀದಿ ಡಾಕ್ಟ್ರೇ ಮಾಡ್ತಾರಂತೆ. ಅಕ್ಕ ನರಳೋದು ನೋಡಕ್ಕಾಗಲ್ಲ. ಕರುಳು ಕಿವುಚಿದಂಗಾಗುತ್ತೆ."

ಓರಗಿತ್ತಿಯ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಗಂಡ, ಮದುವೆಯಾದ ಮೇಲೆ ಮೊದಲ ಸಲ ನೋಡುತ್ತಿರುವವನಂತೆ ನನ್ನ ಮುಖ ನೋಡಿದ. ಭಾವನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಅವಳದೇ ರಕ್ತ, ಅದರದೇ ಔಷಧಿ ಎಂದಾಗಂತೂ ಅವರ ಕಣ್ಣು ಅರಳಿತು.

"ಬೇಡ ರೀ, ನನಗೆ ಸೂಜಿ ಅಂದ್ರೆ ಭಯ" ಎಂದಳು ಅವಳು.

"ಮೂರು ವರ್ಷ ನರಳಿದೀಯ. ಒಂದು ನಿಮಿಷದ ಸೂಜಿಗೆ ಹೆದರ್ತೀಯಾ? ಅಂಥದ್ದೇನೂ ನೋವಿಲ್ಲ ಅಂದ್ರೆ ಬೇಡ ಬಿಡು."

ಭಾವ ಇದನ್ನು ಕಪಟವಿಲ್ಲದೆ ಹೇಳಿದ್ದು. ಕಪಟವೆಂಬುದು ಆ ಮನುಷ್ಯನ ಮೈಯಲ್ಲೇ ಇಲ್ಲ. ಆದರೆ ಅವಳು ಎಲ್ಲಿ ಸಿಕ್ಕಿಕೊಂಡಿದ್ದಾಳೆಂದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ನೋವಿಲ್ಲವೆಂದರೆ ಕೋಣೆ ಬಿಡಬೇಕು, ನೋವಿದೆಯೆಂದರೆ ಸೂಜಿ ಚುಚ್ಚಿಸಿಕೊಳ್ಳಬೇಕು. ಅವಳು ಒಂದು ತುತ್ತು ನುಂಗಿ, ನನ್ನನ್ನೇ ನೋಡುತ್ತ ಹೇಳಿದಳು: "ಮಾಡಿಸ್ಕೋತೀನಿ. ಆದ್ರೆ ತಂಗಿಗೂ ಮಾಡಿಸಬೇಕು. ಪಾಪ, ಅವಳೂ ಮಂಡಿ ಮಂಡಿ ಅಂತಿರ್ತಾಳಲ್ಲ."

"ಅದಕ್ಕೇನಂತೆ, ಇಬ್ಬರಿಗೂ!" ಎಂದರು ಭಾವ.

ಆಗಲಿ ಎಂದುಕೊಂಡೆ. ನೋವು ನನಗೆ ಹೊಸದಲ್ಲ. ಅವಳಿಗೆ ಹೊಸದು.

ಮೊದಲು ಎಕ್ಸ್‌ರೇ ತೆಗೆದರು. ಅಲ್ಲಿ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಡಾಕ್ಟರು ಎರಡು ಫಿಲಂಗಳನ್ನು ಬೆಳಕಿಗೆ ಹಿಡಿದು, ಮೂಳೆಗಳ ನಡುವಿನ ಸಂದು ತೋರಿಸಿದರು. ನನ್ನದರಲ್ಲಿ ಸಂದು ಸ್ವಲ್ಪ ಸಣ್ಣದಾಗಿತ್ತು. ಅವಳದರಲ್ಲಿ ಹೆಚ್ಚುಕಮ್ಮಿ ಮುಚ್ಚಿಯೇ ಹೋಗಿತ್ತು. ನನಗಿಂತ ಅವಳದೇ ಹೆಚ್ಚು ಸವೆದಿದೆಯಂತೆ!

"ಇದು ಹೇಗೆ ಡಾಕ್ಟ್ರೇ?" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಹೀಗೂ ಇರುತ್ತೆ. ಫಿಲಂ ನೋಡಿ ನೋವು ಅಳೆಯೋಕಾಗಲ್ಲಮ್ಮ. ಪೂರ್ತಿ ಸವೆದೋರು ಕೆಲವರು ಆರಾಮಾಗಿ ಓಡಾಡ್ತಾರೆ. ಅಷ್ಟೇನೂ ಸವೆಯದೋರು ನರಳ್ತಾರೆ. ನೋವು ಎಷ್ಟು ಅಂತ ಅನುಭವಿಸೋರೇ ಹೇಳಬೇಕು, ನಾವು ನಂಬಬೇಕು."

ನಂಬಬೇಕಂತೆ. ಎರಡು ದಿನ ಅವಳು ಆ ಫಿಲಮ್ಮನ್ನು ಕೌಂಟರಿನ ಮೇಲೇ ಇಟ್ಟುಕೊಂಡಿದ್ದಳು. ಬಂದ ಬಂದ ಗಿರಾಕಿಗೆಲ್ಲ ಬಲ್ಬಿನ ಮುಂದೆ ಹಿಡಿದು ತೋರಿಸುತ್ತಿದ್ದಳು. "ನೋಡಿ, ಇಲ್ಲಿ ಏನೂ ಉಳಿದೇ ಇಲ್ಲ. ನಾನಾಗಿದ್ದಕ್ಕೆ ತಡ್ಕೊಂಡಿದೀನಿ." ನಾನು ಬುಟ್ಟಿ ಹೊತ್ತು ಪಕ್ಕದಲ್ಲೇ ಹಾದುಹೋಗುವಾಗ ದನಿ ಇನ್ನಷ್ಟು ಏರುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡೆ. ಇರಲಿ, ಇನ್ನೇನು, ಸೂಜಿಯ ದಿನ ಬರುತ್ತದೆ.

ಬಂತು. ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ ಇಬ್ಬರ ತೋಳಿನಿಂದಲೂ ರಕ್ತ ತೆಗೆದರು. ತಿರುಗುವ ಯಂತ್ರದಲ್ಲಿ ಒಂದೇ ನಳಿಕೆ ಇಟ್ಟರೆ ಅದು ವಾಲಿ ಬಡಿದುಕೊಳ್ಳುತ್ತದಂತೆ. ಎದುರುಬದುರಾಗಿ ಅಷ್ಟೇ ತೂಕದ ಇನ್ನೊಂದು ಬೇಕಂತೆ. ಹೆಸರು ಬರೆದ ಪಟ್ಟಿ ಅಂಟಿಸಿ, ನನ್ನ ರಕ್ತಕ್ಕೆ ಎದುರಾಗಿ ಅವಳ ರಕ್ತವನ್ನೇ ಇಟ್ಟಳು ನರ್ಸಮ್ಮ. "ಅಕ್ಕತಂಗಿ ಜೋಡಿ ಚೆನ್ನಾಗಿದೆ" ಎಂದು ನಕ್ಕಳು. ಮುಚ್ಚಳದ ಕೆಳಗೆ ಎರಡೂ ಗುಂಯ್ಯೆಂದು ಸುತ್ತತೊಡಗಿದವು. ಇಬ್ಬರೂ ಆ ಯಂತ್ರವನ್ನೇ ನೋಡುತ್ತ ಕೂತೆವು. ಆ ಮನೆಗೆ ಸೊಸೆಯರಾಗಿ ಬಂದ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಅಷ್ಟು ಹೊತ್ತು ಪಕ್ಕಪಕ್ಕ ಕೂತದ್ದು ಅದೇ ಮೊದಲು.

ನನಗೆ ಮೊದಲು ಚುಚ್ಚಿದರು, ಬಲಮಂಡಿಗೆ. ಒಳಗೆ ಯಾರೋ ಗಾಳಿ ಊದಿ ಬಿಗಿ ಮಾಡಿದ ಹಾಗಾಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವಳ ಸರದಿ ಬಂದಾಗ ಸ್ಪಿರಿಟ್ಟಿನ ಹತ್ತಿ ತಾಗಿದ್ದಕ್ಕೇ "ಅಯ್ಯಪ್ಪಾ, ಸತ್ತೆ!" ಎಂದು ಕಿರುಚಿದಳು. ಭಾವ ಹೊರಗಿನಿಂದ "ಧೈರ್ಯ, ಧೈರ್ಯ" ಎಂದರು. ಆಮೇಲೆ ನಿಜವಾದ ಸೂಜಿ ಒಳಗೆ ಹೋಯಿತು. ಆಗ ಅವಳ ಬಾಯಿ ತೆರೆಯಿತು, ಸದ್ದು ಮಾತ್ರ ಬರಲಿಲ್ಲ. ಆ ಮುಖವನ್ನು ನಾನು ಕಣ್ಣು ತುಂಬ ನೋಡಿದೆ. ಸುಳ್ಳೇಕೆ ಹೇಳಲಿ, ನನ್ನ ಮಂಡಿಗೆ ಹಾಕಿದ್ದಕ್ಕಿಂತ ಆ ನೋಟವೇ ನನಗೆ ಹೆಚ್ಚು ಹಿತ ಕೊಟ್ಟಿತು.

ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದ ಹಾಗೇ ಇಬ್ಬರ ಮಂಡಿಯೂ ಊದಿಕೊಂಡಿತು. ಕೆಲವು ದಿನ ತಾರಸಿಯ ಕೆಲಸ ನನ್ನ ಗಂಡನಿಗೆ ಬಂತು. ಒದ್ದೆ ಪರದೆ ಹೊತ್ತು ಒಂದು ಸಲ ಮೇಲೆ ಹೋಗಿ ಬಂದವನು ಗೋಡೆಗೊರಗಿ ಕೂತು, "ಇಷ್ಟು ಭಾರ ಇರುತ್ತಾ?" ಎಂದ. ಇಷ್ಟು ವರ್ಷದ ಮೇಲೆ ಕೇಳಿದ ಪ್ರಶ್ನೆಗೆ ಬಾಯಿ ಸವೆಸುವ ಮನಸ್ಸಾಗಲಿಲ್ಲ.

ವಿಚಿತ್ರ ನಡೆದದ್ದು ಕೆಳಗಿನ ಕೋಣೆಯಲ್ಲಿ. ಓರಗಿತ್ತಿಯ ಕೂಗಾಟ ನಿಂತುಹೋಯಿತು. ಒಂದು ಅಯ್ಯೋ ಇಲ್ಲ, ಒಂದು ಅಮ್ಮಾ ಇಲ್ಲ. ಕೌಂಟರಿನ ಕುರ್ಚಿಯಲ್ಲಿ ಕಾಲು ನೀಡಿಕೊಂಡು, ಬಾಯಿ ಹೊಲಿದವಳ ಹಾಗೆ ಕೂತಿರುತ್ತಿದ್ದಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಿಜವಾದ ನೋವು ಬಂದವರು ಕೂಗುವುದಿಲ್ಲ. ಉಸಿರೆಲ್ಲ ಕಾಲನ್ನು ಅಲುಗದಂತೆ ಇಟ್ಟುಕೊಳ್ಳುವುದಕ್ಕೇ ಸರಿಹೋಗುತ್ತದೆ, ಕೂಗುವುದಕ್ಕೆ ಉಳಿಯುವುದಿಲ್ಲ. ಆದರೆ ಭಾವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಮೂರು ವರ್ಷ ಕೂಗಿದ ಹೆಂಡತಿ ಸುಮ್ಮನಾಗಿದ್ದಾಳೆ, ಅಂದರೆ ವಾಸಿಯಾಗಿದ್ದಾಳೆ.

"ನೋಡಿದ್ಯೇನಮ್ಮಾ? ಹಾಕಿದ ಮಾರನೇ ದಿನವೇ ಕೂಗಾಟ ಬಂದ್! ಎಂಥಾ ಸೂಜಿ ಅದು!" ಎಂದು ನನ್ನ ಹತ್ತಿರ ಹೇಳಿಕೊಂಡು ಕುಣಿದಾಡಿದರು. ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದರು. ಅವಳು ಸಣ್ಣ ದನಿಯಲ್ಲಿ, "ಇಲ್ಲ ರೀ, ತುಂಬ ನೋಯ್ತಿದೆ" ಎಂದರೆ, "ಅಯ್ಯೋ ಹುಚ್ಚಿ, ನೋಯೋದು ಅಂದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ?" ಎಂದು ತಲೆ ಸವರಿದರು.

ಒಂದು ಮಧ್ಯಾಹ್ನ ಸೋಪಿನ ಪುಡಿ ಹುಡುಕುತ್ತ ಆ ಕೋಣೆಗೆ ಹೋದೆ. ಓರಗಿತ್ತಿ ಮಂಚದ ಅಂಚಿನಲ್ಲಿ ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಊದಿದ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬಾಗಿಲು ಹಾಕು" ಎಂದಳು. ಹಾಕಿದೆ.

"ನಿದ್ದೆ ಇಲ್ಲ ಕಣೇ. ಮಗ್ಗುಲು ತಿರುಗಕ್ಕಾಗಲ್ಲ. ಬಚ್ಚಲಿಗೆ ಹೋಗಕ್ಕೂ ಹೆದರಿಕೆ."

"ಮೂರು ವರ್ಷದಿಂದ ಇದನ್ನೇ ಹೇಳ್ತಿದ್ದೀರಲ್ಲಕ್ಕಾ."

"ಇದು ಹಾಗಲ್ಲ."

"ಹಾಗಲ್ಲ ಅಂದ್ರೆ? ಮುಂಚೆ ಹೇಗಿತ್ತು?"

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಕೇಳಿದಳು: "ನಿನಗೂ ಹಿಂಗೇನಾ? ದಿನಾ?"

"ದಿನಾ. ಒದ್ದೆ ಪರದೆ ಹೊತ್ಕೊಂಡು."

ಅವಳ ಕಣ್ಣಲ್ಲಿ ನೀರು ಬಂತು. ನನಗೆ ಕನಿಕರ ಬಂತೆಂದು ಹೇಳುತ್ತೇನೆಂದು ನೀವು ಕಾಯುತ್ತಿದ್ದರೆ, ಬರಲಿಲ್ಲ. ಅತ್ತೆ ನನಗೆ ಕೊಟ್ಟುಹೋದ ಕೋಣೆಯಲ್ಲಿ ಕೂತು ಅವಳು ಅಳುತ್ತಿದ್ದಳು. ಅಳಲಿ ಎನ್ನಿಸಿತು.

"ಅವರಿಗೆ ನೀನೊಂದು ಮಾತು ಹೇಳೇ. ನನಗೆ ನಿಜವಾಗ್ಲೂ ನೋಯ್ತಿದೆ ಅಂತ. ನಾನು ಹೇಳಿದ್ರೆ ನಗ್ತಾರೆ. ನಿನಗೆ ಮಾತ್ರ ಗೊತ್ತಾಗೋದು ಇದು."

ಅಷ್ಟರಲ್ಲಿ ಭಾವ ಬಾಗಿಲು ತಳ್ಳಿಕೊಂಡು ಬಂದರು. "ಏನು, ಇಬ್ಬರೂ ಗುಟ್ಟು ಮಾತಾಡ್ತಿದೀರಾ?"

ಅವಳು ನನ್ನನ್ನೇ ನೋಡಿದಳು. ನಾನು ಸೋಪಿನ ಪುಡಿಯ ಚೀಲ ಎತ್ತಿಕೊಂಡೆ.

"ಅಕ್ಕ ಎಷ್ಟು ಗೆಲುವಾಗಿದಾರೆ ನೋಡಿ ಭಾವಾ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದ್ಬಿಟ್ಟಿದೆ."

ಭಾವನ ಮುಖ ಊರಗಲವಾಯಿತು. ಅವಳು ನನ್ನನ್ನು ನೋಡಿದ ನೋಟದಲ್ಲಿ ವಿಷ ಇತ್ತು. ನಾನು ಅದನ್ನು ಮಡಿಸಿ ಜೋಪಾನವಾಗಿ ಇಟ್ಟುಕೊಂಡೆ. ಆವತ್ತು ಮೆಟ್ಟಿಲು ಹತ್ತುವಾಗ ಬೈಗುಳ ಬೇಕಾಗಲಿಲ್ಲ.

ದಿನ ಕಳೆದಂತೆ ಊತ ಇಳಿಯಿತು, ನನ್ನದೂ ಅವಳದೂ. ನಾನು ಮತ್ತೆ ತಾರಸಿಯ ಕೆಲಸಕ್ಕೆ ಹೋದೆ. ಒಂದು ಬೆಳಗ್ಗೆ ಖಾಲಿ ಬುಟ್ಟಿ ಹಿಡಿದು ಕೆಳಗಿಳಿದು ಯಂತ್ರದ ಮುಂದೆ ನಿಂತವಳಿಗೆ ಏನೋ ವ್ಯತ್ಯಾಸ ಎನ್ನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಮುಖ ಮುಂದೆ ಮಾಡಿಕೊಂಡೇ ಇಳಿದು ಬಂದಿದ್ದೆ. ನೋವು ಪೂರ್ತಿ ಹೋಗಿರಲಿಲ್ಲ, ಆದರೆ ಬಲಮಂಡಿ ಭಾರ ತಡೆದುಕೊಳ್ಳುತ್ತಿತ್ತು. ಆ ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳದಂತೆ ಬಿಕ್ಕಿ ಬಿಕ್ಕಿ ಅತ್ತೆ. ಯಾರಿಗಾದರೂ ಹೇಳಬೇಕೆನ್ನಿಸಿತು. ಹೇಳುವುದು ಬೇಡವೆಂದು ಯಾಕೆ ಅನ್ನಿಸಿತೋ ಆಗ ನನಗೇ ಗೊತ್ತಾಗಲಿಲ್ಲ.

ಇತ್ತ ಓರಗಿತ್ತಿ ಮೆಲ್ಲಗೆ ಹಳೆಯ ರಾಗ ತೆಗೆದಿದ್ದಳು. ನಿಜವಾದ ನೋವು ಹೋಗಿತ್ತಲ್ಲ, ಕೂಗಲು ಉಸಿರು ಮತ್ತೆ ಬಂದಿತ್ತು. ತಿಂಗಳೊಪ್ಪತ್ತಿನ ಮೇಲೆ ಡಾಕ್ಟರು ತೋರಿಸಲು ಬರಹೇಳಿದ್ದರು. ಭಾವನೇ ಇಬ್ಬರನ್ನೂ ಕರೆದುಕೊಂಡು ಹೋದರು.

"ಹೇಗಿದೆಯಮ್ಮ ನೋವು?" ಎಂದು ಡಾಕ್ಟರು ಮೊದಲು ಅವಳನ್ನು ಕೇಳಿದರು.

"ಎಲ್ಲಿ ಡಾಕ್ಟ್ರೇ, ಹಾಗೇ ಇದೆ. ಮೆಟ್ಟಿಲು ಅಂದ್ರೆ ಜೀವ ಹೋಗುತ್ತೆ."

"ಸ್ವಲ್ಪವೂ ಕಮ್ಮಿ ಇಲ್ವಾ? ಹಾಗಿದ್ರೆ ಇನ್ನೊಂದು ಸಲ ಹಾಕಿ ನೋಡಬಹುದು. ಅದಕ್ಕೂ ಬಗ್ಗದಿದ್ರೆ ಬಿಟ್ಟುಬಿಡೋಣ."

"ಹಾಕಿ ಡಾಕ್ಟ್ರೇ, ಇವತ್ತೇ ಹಾಕಿ!" ಭಾವ ಕುರ್ಚಿಯಿಂದ ಎದ್ದೇಬಿಟ್ಟರು.

ಓರಗಿತ್ತಿಯ ಕೈ ತಾನಾಗಿಯೇ ಹೋಗಿ ಬಲಮಂಡಿಯ ಮೇಲೆ ಮುಚ್ಚಳದ ಹಾಗೆ ಕೂತಿತು. ಈ ಗಳಿಗೆ ಬರುತ್ತದೆಂದು ನಾನು ಲೆಕ್ಕ ಹಾಕಿರಲಿಲ್ಲ. ತಾನಾಗಿ ಒದಗಿ ಬಂದಿತ್ತು.

"ಅಂದ್ರೆ... ಮುಂಚಿನಷ್ಟಿಲ್ಲ" ಎಂದಳು.

"ಎಷ್ಟು ಕಮ್ಮಿ?"

"ಬೇಕಾದಷ್ಟು ಕಮ್ಮಿ."

"ಮೆಟ್ಟಿಲು ಹತ್ತೀರಾ?"

ನಾನು ಫ್ಯಾನು ನೋಡುತ್ತ ಕೂತಿದ್ದೆ.

"ಹತ್ತೀನಿ" ಎಂದಳು ನನ್ನ ಓರಗಿತ್ತಿ.

ಭಾವ ಚಪ್ಪಾಳೆ ಹೊಡೆಯುವುದೊಂದು ಬಾಕಿ. "ಮೇಲಿನ ನಮ್ಮ ಕೋಣೆಗೆ ಹೋಗಿಬಿಡೋಣ ಕಣೇ! ಅಲ್ಲಿ ಗಾಳಿ ಬೆಳಕು ಎಷ್ಟು ಚೆನ್ನಾಗಿದೆ. ಕೆಳಗಿನದಕ್ಕೆ ಚಿಕ್ಕವಳು ಬರಲಿ, ಅಮ್ಮ ಹೇಳಿದ ಹಾಗೇ ಆಗಲಿ. ಚಿಕ್ಕವಳಿಗೂ ವಾಸಿಯಾಗಿದ್ರೆ ಬಟ್ಟೆಗಂಟು ಇಟ್ಕೊಳ್ಳಕ್ಕಾಯ್ತು. ಜಾಗ ಸಾಲ್ತಾನೇ ಇಲ್ಲ."

ಮೂರು ವರ್ಷ ಕಾದ ಮಾತು. ನನ್ನ ಎದೆ ಉಬ್ಬಿ ಬಂತು. ಆ ಸಂಭ್ರಮದಲ್ಲಿ ಕೊನೆಯ ಮಾತು ಕಿವಿಯ ಮೇಲೇ ಹಾರಿಹೋಗಿತ್ತು. ಡಾಕ್ಟರು ನನ್ನ ಕಡೆ ತಿರುಗಿದಾಗಲೇ ಅದು ಒಳಗೆ ಇಳಿದದ್ದು.

"ನಿಮಗೆ ಹೇಗಿದೆ?"

ಅವರು ಒಳ್ಳೆಯ ಮನುಷ್ಯ. ಕಮ್ಮಿಯಾಗಿದೆ ಡಾಕ್ಟ್ರೇ, ಮುಖ ಮುಂದೆ ಮಾಡಿಕೊಂಡು ಮೆಟ್ಟಿಲು ಇಳಿದೆ, ನಿಮ್ಮ ಕೈಗೆ ದೊಡ್ಡ ನಮಸ್ಕಾರ ಎಂದು ಹೇಳಬೇಕೆಂದು ನಾಲಿಗೆ ತುದಿಯಲ್ಲಿತ್ತು. ಭಾವ ನನ್ನ ಬಾಯನ್ನೇ ನೋಡುತ್ತಿದ್ದರು. ಹಾಗೆ ಹೇಳಿದರೆ ಆ ಕೋಣೆಗೆ ನಾನಲ್ಲ, ಹೋಟೆಲಿನ ಕೊಳಕು ಪರದೆಗಳು ಹೋಗುತ್ತವೆ.

"ಇಲ್ಲ ಡಾಕ್ಟ್ರೇ" ಎಂದೆ. "ನನ್ನದು ಹಾಗೇ ಇದೆ."

ಓರಗಿತ್ತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ವಿದ್ಯೆಯಲ್ಲಿ ನುರಿತವಳು ಅವಳು, ಒಂದೇ ಮಾತಿಗೆ ಗುರುತು ಹಿಡಿದಳು. ನನ್ನ ಕಾಲು ನೋಡಿದಳು, ಮುಖ ನೋಡಿದಳು. ಅವಳ ತುಟಿಯ ತುದಿಯಲ್ಲಿ ನಗು ಬಂತು.

"ಪಾಪ ಡಾಕ್ಟ್ರೇ" ಎಂದಳು, ಜೇನು ಸುರಿಸುತ್ತ. "ಇವಳಿಗೆ ಎರಡೂ ಮಂಡೀಲಿ ನೋವು. ನೀವು ಒಂದಕ್ಕೇ ಹಾಕಿದ್ರಿ. ಈ ಸಲ ಎರಡಕ್ಕೂ ಹಾಕಿ."

"ಹೌದಾ?" ಎಂದರು ಡಾಕ್ಟರು. "ನಿಮ್ಮ ಇಷ್ಟಮ್ಮ. ಬೇಡ ಅಂದ್ರೆ ಬೇಡ. ಬಲವಂತ ಏನಿಲ್ಲ."

ಓರಗಿತ್ತಿ ಕಾಯುತ್ತಿದ್ದಳು. ಬೇಡವೆಂದರೆ ಅವಳೇ ಬಾಯಿ ಬಿಡುತ್ತಾಳೆ, ನೋವಿದ್ದವಳು ಯಾಕೆ ಬೇಡ ಅಂತಾಳೆ ಎಂದು ಭಾವನನ್ನು ಕೇಳುತ್ತಾಳೆ. ಕೋಣೆ ಇಷ್ಟು ಹತ್ತಿರ ಬಂದಿತ್ತು. ಬಟ್ಟೆ ಸರಿಸಿ ಎರಡೂ ಮಂಡಿ ಮುಂದಿಟ್ಟೆ.

"ಹಾಕಿ ಡಾಕ್ಟ್ರೇ. ಎರಡಕ್ಕೂ."

ಸೂಜಿ ಒಳಗೆ ಹೋಗುವಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಭಾವನ ಕಣ್ಣು ಒದ್ದೆಯಾಯಿತು, ನಮ್ಮ ಪ್ರೀತಿ ನೋಡಿ.

ಈಗ ನಾನು ಕೆಳಗಿನ ಕೋಣೆಯಲ್ಲಿದ್ದೇನೆ. ಗಂಡನ ಮಂಚ ಒಂದು ಕಡೆ, ನನ್ನದು ಒಂದು ಕಡೆ, ಬಚ್ಚಲು ಕೈಗೆಟುಕುವಷ್ಟು ಹತ್ತಿರ. ಊತ ಎಂದೋ ಇಳಿಯಿತು. ಎರಡೂ ಮಂಡಿ ಈಗ ಸುಮಾರಾಗಿ ಹೇಳಿದ ಮಾತು ಕೇಳುತ್ತವೆ. ಅದು ಯಾರಿಗೂ ಗೊತ್ತಾಗುವ ಹಾಗಿಲ್ಲ. ಬಾಗಿಲು ಹಾಕಿಕೊಂಡಾಗ ಮಾತ್ರ ಆ ಗೋಡೆಯಿಂದ ಈ ಗೋಡೆಗೆ ನೆಟ್ಟಗೆ ನಡೆಯುತ್ತೇನೆ. ಹೊರಗೆ ಬಂದರೆ ಕೌಂಟರಿನ ಕುರ್ಚಿ. ಬೀದಿಗೆ ಹೋಗುವಂತಿಲ್ಲ, ಅಂಗಡಿಯ ಮುಂದಿನ ಮೆಟ್ಟಿಲು ಇಳಿಯುವಂತಿಲ್ಲ.

ಓರಗಿತ್ತಿಗೆ ಮಾತ್ರ ಕಾಲು ಬಂದಿದೆ. ಅಂಥ ಮಂಡಿಯಲ್ಲಿ ಮೂರು ವರ್ಷ ಬಚ್ಚಿಟ್ಟಿದ್ದ ಓಟವನ್ನೆಲ್ಲ ಈಗ ಓಡುತ್ತಿದ್ದಾಳೆ. ತಾರಸಿಯ ಕೆಲಸ ಅವಳ ಪಾಲಿಗೆ ಬಿದ್ದಿದೆ. ಅತ್ತು ಕರೆದು ಹೊರುತ್ತಾಳೆಂದುಕೊಂಡಿದ್ದೆ. ಎರಡೆರಡು ಮೆಟ್ಟಿಲು ಒಂದೇ ಸಲ ಹಾರಿಕೊಂಡು, ಬುಟ್ಟಿ ಬೀಸಿಕೊಂಡು ಹೋಗುತ್ತಾಳೆ. ಸಂಜೆ ಗಂಡನ ಕೈ ಹಿಡಿದು ಪಾರ್ಕು ಸುತ್ತಿ ಬರುತ್ತಾಳೆ, ಬರುವಾಗ ಕೆನ್ನೆ ಕೆಂಪಾಗಿರುತ್ತದೆ. "ಏನಮ್ಮಾ, ಹುಡುಗಿ ಥರ ಓಡ್ತೀರಾ!" ಎಂದು ಗಿರಾಕಿಗಳು ಹೇಳಿದರೆ, "ಎಲ್ಲಾ ನಮ್ಮ ತಂಗಿ ಪುಣ್ಯ" ಎಂದು ನನ್ನ ಕಡೆ ಕೈ ತೋರಿಸುತ್ತಾಳೆ. ನನ್ನ ಹೊಟ್ಟೆ ಮತ್ತೆ ಉರಿಯುತ್ತದೆ, ಮುಂಚಿಗಿಂತ ಹೆಚ್ಚು.

ನಿನ್ನೆ ಮಧ್ಯಾಹ್ನ ಬಾಗಿಲ ಚಿಲಕ ಹಾಕುವುದು ಮರೆತಿದ್ದೆ. ಕೋಣೆಯೊಳಗೆ ನಡೆದಾಡುತ್ತಿದ್ದಾಗ ಅವಳು ಒಳಗೆ ಬಂದಳು. ನಾನು ಇದ್ದಲ್ಲೇ ನಿಂತೆ. ಅವಳು ನನ್ನ ಎರಡೂ ಕಾಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಈಗ ಕೂಗಿ ಕರೆಯುತ್ತಾಳೆ, ಈಗ ಕೋಣೆ ಹೋಯಿತು ಎಂದುಕೊಂಡೆ. ಮಂಚದ ಮೇಲೆ ಕುಸಿದು ಮಂಡಿ ಹಿಡಿದುಕೊಂಡು ನರಳಿದೆ.

ಅವಳು ಕರೆಯಲಿಲ್ಲ. ಬಾಗಿಲಿಗೆ ಒರಗಿ ನಿಂತು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ನನ್ನ ನರಳಾಟವನ್ನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ಇಷ್ಟು ಸಣ್ಣಗೆ ನರಳಿದ್ರೆ ಆಗಲ್ಲ ಕಣೇ" ಎಂದಳು. "ಅವರು ಅಂಗಡಿ ಮುಂದಿದ್ದಾರೆ. ಅಲ್ಲೀವರೆಗೆ ಕೇಳಬೇಕಂದ್ರೆ ಹೊಟ್ಟೆಯಿಂದ ದನಿ ತೆಗೀಬೇಕು."

ನಾನು ಹೊಟ್ಟೆಯಿಂದ ದನಿ ತೆಗೆದೆ.